ಪಾಚಿ ಪುರಾಣ

ಪಾಚಿಗೂ ನಮ್ಮಂಥ ಗೃಹಿಣಿಯರಿಗೂ ಇರುವ ವೈರ ಇಂದು ನಿನ್ನೆಯದಲ್ಲ. ಮಳೆಗಾಲ ಬಂತೆಂದರೆ ಬಚ್ಚಲ ಕಲ್ಲು, ನೀರಿನ ತೊಟ್ಟಿ, ತುಳಸಿಕಟ್ಟೆಯ ಬುಡ ಎಲ್ಲ ಕಡೆಯೂ ಅದು ಹಾಜರು. ನಾವೂ ಸೆರಗು ಸಿಕ್ಕಿಸಿ, ತೆಂಗಿನ ನಾರು ಹಿಡಿದು ಹಾಜರು. ಆದರೆ ಹಿತ್ತಲಲ್ಲಿ ಇರಬೇಕಾದ ಈ ಪಾಚಿ ನೇರವಾಗಿ ನಡುಮನೆಗೇ ಬಂದು, ಬಂದವರ ಕಣ್ಣಿಗೆಲ್ಲ ಬೀಳುವಂತೆ ಗಾಜಿನ ಪೆಟ್ಟಿಗೆಯಲ್ಲಿ ಕೂತದ್ದು 2017ರಲ್ಲಿ. ಅದನ್ನು ಕರೆದು ಮಣೆ ಹಾಕಿದವಳು ನಾನೇ ಎಂದು ತಿಳಿಯಲು ಮೂರು ತಿಂಗಳು ಬೇಕಾಯಿತು.

ಆ ಜೂನ್ ತಿಂಗಳಲ್ಲಿ ನಮ್ಮ ಒಬ್ಬನೇ ಮಗ ಕೆಲಸ ಸಿಕ್ಕಿ ಚಾಮರಾಜನಗರದಿಂದ ಬೆಂಗಳೂರಿಗೆ ಹೊರಟ. ಹೊರಡುವಾಗ ಅವನು ನನ್ನ ವಶಕ್ಕೆ ಒಪ್ಪಿಸಿದ್ದು ಮೂರು ಅಡಿ ಉದ್ದದ ಅಕ್ವೇರಿಯಂ ಒಂದನ್ನು. ಮೈಸೂರಿನಲ್ಲಿ ಓದುತ್ತಿದ್ದಾಗ ಅಲ್ಲಿನ ಅಂಗಡಿಯಿಂದ ಪ್ಲಾಸ್ಟಿಕ್ ಕವರಿನ ನೀರಿನಲ್ಲಿ ಮೀನುಗಳನ್ನು ಇಟ್ಟುಕೊಂಡು, ಕೂಸಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ರೈಲಿನಲ್ಲಿ ತಂದು ಸಾಕಿದ್ದ. ಎರಡು ಏಂಜಲ್, ನಾಲ್ಕು ಮೋಲಿ, ಆರು ಟೆಟ್ರಾ. ಮರಳಿನಲ್ಲಿ ರಿಬ್ಬನ್ನಿನಂಥ ಎಲೆಯ ವ್ಯಾಲಿಸ್ನೇರಿಯ ನೆಟ್ಟಿದ್ದ. ಗೋಡೆಗೆ ಒಂದು ಚೀಟಿಯನ್ನೂ ಅಂಟಿಸಿದ್ದ: "ದೀಪ 7 ಗಂಟೆ ಮಾತ್ರ. ಊಟ ಒಂದು ಚಿಟಿಕೆ, ಒಂದೇ ಸಲ. ಭಾನುವಾರ ಕಾಲು ಭಾಗ ನೀರು ಬದಲಿಸುವುದು. ನಲ್ಲಿ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಡುವುದು."

ಮಗನನ್ನು ಹೆತ್ತು ಸಾಕಿದವಳಿಗೆ ಮೀನು ಸಾಕುವುದನ್ನು ಚೀಟಿ ಬರೆದು ಕಲಿಸಬೇಕೆ? ನಾನು ಅದನ್ನು ಓದಲೇ ಇಲ್ಲವೆನ್ನಿ.

ಮಗ ಹೋದ ಮೇಲೆ ಮನೆಯಲ್ಲಿ ಓಡಾಡುವ ಜೀವಗಳೆಂದರೆ ಅವೇ. ನಮ್ಮವರು ಪತ್ರಿಕೆ ಹಿಡಿದು ಕೂತರೆ ಕುರ್ಚಿಗೂ ಅವರಿಗೂ ವ್ಯತ್ಯಾಸವಿಲ್ಲ. ಹಾಗಾಗಿ ಬೆಳಿಗ್ಗೆ ಐದಕ್ಕೆ ಎದ್ದು ಅಕ್ವೇರಿಯಮ್ಮಿನ ದೀಪ ಹಾಕಿದರೆ ಆರಿಸುವುದು ರಾತ್ರಿ ಹನ್ನೊಂದಕ್ಕೆ. ಮೀನುಗಳಿಗೂ ಒಳ್ಳೆಯ ಬಿಸಿಲಿರಲಿ ಎಂದು ಪೆಟ್ಟಿಗೆಯನ್ನು ಪೂರ್ವದ ಕಿಟಕಿಯ ಬಳಿಗೆ ಸರಿಸಿದೆ. ನಾನು ಹತ್ತಿರ ಹೋದರೆ ಸಾಕು, ಎಲ್ಲವೂ ಗಾಜಿಗೆ ಮೂತಿ ಹಚ್ಚಿ ಬಾಯಿ ತೆರೆಯುತ್ತಿದ್ದವು. ಶಾಲೆಯಿಂದ ಬಂದವನೇ ಚೀಲ ಎಸೆದು "ಅಮ್ಮ, ಏನಿದೆ?" ಎನ್ನುತ್ತಿದ್ದ ಹುಡುಗನ ನೆನಪು. ಕಾಫಿಗೊಮ್ಮೆ, ಊಟಕ್ಕೊಮ್ಮೆ, ಧಾರಾವಾಹಿಯ ಮಧ್ಯೆ ಒಮ್ಮೆ ಕಾಳು ಉದುರಿಸುತ್ತಿದ್ದೆ. ಅದೇ ಹೊತ್ತಿಗೆ ಮಗನಿಗೂ ಫೋನು: "ಊಟ ಆಯ್ತಾ? ಏನು ಊಟ?"

ತಿಂಗಳೊಳಗೆ ಗಾಜಿನ ಮೇಲೆ ಹಸಿರು ಚುಕ್ಕೆಗಳು ಕೂತವು. ಆಮೇಲೆ ಎಲೆಗಳ ತುದಿಗೆ ಕೂದಲಿನಂಥ ಎಳೆಗಳು. ಪಕ್ಕದ ಮನೆಯಾಕೆ ಅರಿಸಿನ ಕುಂಕುಮಕ್ಕೆ ಬಂದವರು, "ಏನ್ರೀ, ಇದರೊಳಗೆ ಮೀನಿದಾವಾ?" ಎಂದು ಕೇಳಿದ ದಿನ ನನ್ನ ಮಾನ ಹೋಯಿತು. ಮಾರನೆಯ ದಿನವೇ ನೀರನ್ನೆಲ್ಲ ಚೆಲ್ಲಿ, ಗಿಡ ಕಿತ್ತು, ಮರಳನ್ನು ಅಕ್ಕಿ ತೊಳೆದಂತೆ ತೊಳೆದು, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿ, ಹೊಸ ನಲ್ಲಿ ನೀರು ತುಂಬಿಸಿದೆ. ಪೆಟ್ಟಿಗೆ ಕನ್ನಡಿಯಂತೆ ಹೊಳೆಯಿತು. ಮೂರನೆಯ ಬೆಳಿಗ್ಗೆ ಒಂದು ಏಂಜಲ್, ಎರಡು ಟೆಟ್ರಾ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮಲ್ಲಿಗೆ ಬಳ್ಳಿಯ ಬುಡದಲ್ಲಿ ಹೂತೆ. ಸಂಜೆ ಮಗ "ಮೀನು ಹೇಗಿವೆ?" ಎಂದಾಗ "ಚೆನ್ನಾಗಿವೆಯಪ್ಪ" ಎಂದೆ.

ವಾರದಲ್ಲಿ ನೀರೇ ಪಾಲಕ್ ಸೊಪ್ಪಿನ ಸಾರಿನಂತಾಯಿತು. ನಮ್ಮವರನ್ನು ಮೈಸೂರಿಗೆ ಕಳಿಸಿದೆ. ಅಂಗಡಿಯವನು ಪಾಚಿ ತಿನ್ನುತ್ತದೆ ಎಂದು ಕಪ್ಪಗಿನ ಸಕ್ಕರ್ ಮೀನೊಂದನ್ನು ಕೊಟ್ಟ. ಅದು ಪಾಚಿಯ ಗೊಡವೆಗೇ ಹೋಗದೆ ಉಳಿದವರ ಕಾಳನ್ನು ತಿಂದುಕೊಂಡು ಮೂಲೆಯಲ್ಲಿ ಅಳಿಯದೇವರಂತೆ ಒರಗಿತು.

ಗೌರಿ ಹಬ್ಬ ಬಂತು. ಬಾಗಿನಕ್ಕೆಂದು ತವರಿಗೆ ಹೊರಟೆ. ತೆರಕಣಾಂಬಿ ದಾಟಿ ಗುಂಡ್ಲುಪೇಟೆಯ ಹಾದಿ ಹಿಡಿದರೆ ಆ ಕಾಲದಲ್ಲಿ ರಸ್ತೆಯ ಎರಡೂ ಬದಿ ಚೆಂಡುಹೂವಿನ ಹಳದಿ. ನನಗೆ ಮಾತ್ರ ಕಣ್ಣೆಲ್ಲ ಹಸಿರು.

ಅವ್ವನ ಹಿತ್ತಲಲ್ಲಿ ಸಂಪಿಗೆ ಮರದ ನೆರಳಿಗೆ ಹಳೆಯ ಸಿಮೆಂಟಿನ ತೊಟ್ಟಿಯಿದೆ. 2006ರಲ್ಲಿ ಚಿಕೂನ್‌ಗುನ್ಯ ಬಂದು ಊರೂರೇ ಕೀಲು ಹಿಡಿದು ಕೂತಿತ್ತಲ್ಲ, ಆಗ ಆರೋಗ್ಯ ಇಲಾಖೆಯವರು ಸೊಳ್ಳೆ ಮರಿ ತಿನ್ನಲೆಂದು ಅದಕ್ಕೆ ಗಪ್ಪಿ ಮೀನು ಬಿಟ್ಟು ಹೋಗಿದ್ದರು. ಅವುಗಳ ಮೊಮ್ಮಕ್ಕಳು ಮರಿಮಕ್ಕಳು ಈಗಲೂ ಆಡುತ್ತಿದ್ದವು. ಗೋಡೆಗೆ ತೆಳ್ಳಗೆ ಪಾಚಿ. ನೀರು ಮಾತ್ರ ತಿಳಿ, ತಳ ಕಾಣುತ್ತಿತ್ತು.

"ಇದ್ಕೇನು ಹಾಕ್ತೀಯವ್ವ?" ಎಂದೆ.

"ನಾನ್ಯಾಕ ಹಾಕ್ಲಿ ಮಗಾ? ಸೊಳ್ಳೆ ಮರಿ ತಿನ್ಕಂಡು ಅವ. ದಿನಕ್ಕ ನಾಕು ಸಲ ಉಣ್ಣಕಿಕ್ಕಿದ್ರ, ಉಂಡದ್ದನ್ನೆಲ್ಲ ಅವು ಆ ನೀರ್ಗೇ ತಾನೆ ಬುಡದು?"

ಅಷ್ಟರಲ್ಲಿ ನಾನು ಮಗನಿಗೆ ಫೋನು ಮಾಡಿದೆ. ಅವನು ಕತ್ತರಿಸಿದ. ಮತ್ತೆ ಮಾಡಿದೆ. "ಮೀಟಿಂಗಿನಲ್ಲಿದ್ದೀನಮ್ಮ, ದಿನಕ್ಕೆ ಎಷ್ಟು ಸಲ ಊಟ ಮಾಡಲಿ?" ಎಂದು ಸಿಡುಕಿ ಇಟ್ಟುಬಿಟ್ಟ. ಕಣ್ಣು ತುಂಬಿತು. ಅವ್ವ ಅವರೆಕಾಯಿ ಬಿಡಿಸುತ್ತಲೇ, "ನೀನು ಮದುವೆಯಾಗಿ ಹೋದಾಗ ಈ ಮನೇಲಿ ಫೋನೇ ಇರ್ನಿಲ್ಲ. ತಿಂಗ್ಳಿಗೊಂದು ಕಾಗ್ದ ಬರೀತಿದ್ದ. ನಾನೇನು ಸತ್ತೋದ್ನ?" ಎಂದಳು. ನಗುವೂ ಬಂತು.

ಆ ರಾತ್ರಿ ಮಗನೇ ಫೋನು ಮಾಡಿದ. ಸಿಡುಕಿದ್ದಕ್ಕೆ ಮುಜುಗರವಾಗಿತ್ತೋ ಏನೋ. ನಾನು ತಡೆಯಲಾರದೆ ಸತ್ತ ಮೀನುಗಳ ಸುದ್ದಿ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀನು ಕೊಳೆ ಅಂತ ತೊಳೆದೆಯಲ್ಲ, ಆ ಸ್ಪಂಜಿನಲ್ಲೇ ಒಳ್ಳೆಯ ಬ್ಯಾಕ್ಟೀರಿಯಾ ಇದ್ದದ್ದು" ಎಂದ. ಮೀನಿನ ಹೇಲೂ ಮಿಕ್ಕ ಕಾಳೂ ಕೊಳೆತರೆ ಅಮೋನಿಯ. ಅದು ಮೀನಿಗೆ ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಆ ಬ್ಯಾಕ್ಟೀರಿಯಾ. ನಲ್ಲಿಯ ಕ್ಲೋರಿನ್ ನೀರಿಗೆ ಅವು ಸತ್ತವು, ಹಿಂದೆಯೇ ಮೀನುಗಳೂ ಸತ್ತವು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಬೇಕಂತೆ. ಆ ನೈಟ್ರೇಟ್, ಕಾಳಿನಲ್ಲಿರುವ ರಂಜಕ ಎರಡೂ ಗಿಡಕ್ಕೆ ಗೊಬ್ಬರ. ಗಿಡ ಉಂಡು ಮಿಕ್ಕದ್ದನ್ನು, ಬೆಳಕು ಹೆಚ್ಚಿದ್ದರೆ, ಪಾಚಿ ಉಣ್ಣುತ್ತದೆ. "ಇಲ್ಲಿ ಬೆಳ್ಳಂದೂರು ಕೆರೆಯಲ್ಲೂ ಇದೇ ಕತೆಯಮ್ಮ. ಊರಿನ ಕೊಳಚೆಯೆಲ್ಲ ಅದಕ್ಕೆ ಬಿದ್ದು ನೊರೆ, ಕಳೆ. ಫೆಬ್ರವರಿಯಲ್ಲಿ ಕೆರೆಗೇ ಬೆಂಕಿ ಬಿದ್ದಿತ್ತಲ್ಲ" ಎಂದ.

ನಮ್ಮ ಮಗ ಅಷ್ಟು ಹೊತ್ತು ನನ್ನೊಡನೆ ಮಾತಾಡಿ ಎಷ್ಟು ದಿನವಾಗಿತ್ತೋ!

ಊರಿಗೆ ಬಂದವಳೇ ಚೀಟಿಯನ್ನು ಓದಿದೆ. ಪೆಟ್ಟಿಗೆಯನ್ನು ಕಿಟಕಿಯಿಂದ ದೂರ ಸರಿಸಿದೆವು. ಸಕ್ಕರ್ ಮೀನನ್ನು ನಮ್ಮವರು "ಸುವರ್ಣಾವತಿ ಜಲಾಶಯಕ್ಕೆ ಬಿಟ್ಟು ಬರಲಾ? ಪುಣ್ಯ ಬರುತ್ತೆ" ಎಂದರು. ಮಗ ಖಡಾಖಂಡಿತ ಬೇಡವೆಂದ. ಅದು ದಕ್ಷಿಣ ಅಮೆರಿಕದ ಮೀನು, ಒಂದು ಅಡಿ ಮೀರಿ ಬೆಳೆಯುತ್ತದೆ. ಹೀಗೆ ಪುಣ್ಯಕ್ಕೆಂದು ಬಿಟ್ಟವರಿಂದಲೇ ಕೇರಳ, ತಮಿಳುನಾಡಿನ ಹೊಳೆ ಕೆರೆಗಳಲ್ಲಿ ಸೇರಿಕೊಂಡು ಅಲ್ಲಿನ ಮೀನುಗಳಿಗೆ ಕಂಟಕವಾಗಿದೆಯಂತೆ. ಅಳಿಯದೇವರು ಮರಳಿ ಅಂಗಡಿಗೆ ಹೋದರು.

ಹಸಿರು ನೀರಿಗೆ ಮಗ ಹೇಳಿದ ಮದ್ದು ಕತ್ತಲೆ. ಪೆಟ್ಟಿಗೆಗೆ ಕಂಬಳಿ ಹೊದಿಸಿ ಮೂರು ದಿನ ದೀಪವಿಲ್ಲ, ಊಟವಿಲ್ಲ. ಗಾಳಿಯ ಗುಳ್ಳೆ ಮಾತ್ರ ಬರುತ್ತಿರಬೇಕು. ಇಣುಕಲೂ ಬಾರದು. ಆ ಮೂರು ದಿನ ನಾನು ಪಟ್ಟ ಪಾಡು ಯಾವ ಸೋಮವಾರದ ಉಪವಾಸದಲ್ಲೂ ಪಟ್ಟಿಲ್ಲ. ಕೈ ಕಂಬಳಿಯ ಕಡೆಗೂ ಫೋನಿನ ಕಡೆಗೂ ಹೋಗುತ್ತಿತ್ತು. ಎರಡನ್ನೂ ಮುಟ್ಟಬಾರದೆಂದು ತೀರ್ಮಾನಿಸಿ ಬೀರುವಿನ ಸೀರೆಗಳನ್ನೆಲ್ಲ ತೆಗೆದು ಮತ್ತೆ ಮಡಿಸಿದೆ. ಮೂರನೆಯ ರಾತ್ರಿ ಫೋನು ಬಂತು. "ಕಂಬಳಿ ತೆಗೆದೆಯಾ? ನಾಳೆ ತೆಗಿ. ಸತ್ತ ಪಾಚಿ ಕೊಳೆಯುತ್ತೆ, ಅರ್ಧ ನೀರು ಬದಲಿಸು, ಹಿಡಿದಿಟ್ಟ ನೀರು ಹಾಕು." ಆಮೇಲೆ ಸ್ವಲ್ಪ ತಡೆದು, "ನಿನ್ನ ಊಟ ಆಯ್ತಾ?" ಎಂದ.

ಬೆಳಿಗ್ಗೆ ಕಂಬಳಿ ತೆಗೆದರೆ ಆಚೆಗಿನ ಗೋಡೆ ಕಾಣುತ್ತಿತ್ತು. ಒಂಬತ್ತು ಮೀನೂ ಇದ್ದವು.

ಕತ್ತಲೆ ಒಂದು ಸಲದ ಮದ್ದು ಮಾತ್ರ. ನಿತ್ಯದ ಮದ್ದಿಗೆ ತಮ್ಮನ ಹೊಲದ ಬಾವಿಯಿಂದ ಹೈಡ್ರಿಲ್ಲಾ ತರಿಸಿದೆ. ಹೈಸ್ಕೂಲಿನಲ್ಲಿ ದ್ಯುತಿಸಂಶ್ಲೇಷಣೆಯ ಪ್ರಯೋಗಕ್ಕೆ ಲೋಟದಲ್ಲಿ ಗುಳ್ಳೆ ಬಿಡುತ್ತಿತ್ತಲ್ಲ, ಅದೇ ಗಿಡ. ಬೇಗ ಬೆಳೆಯುವ ಗಿಡ ಪಾಚಿಗಿಂತ ಮೊದಲೇ ಗೊಬ್ಬರ ಎಳೆದುಕೊಳ್ಳುತ್ತದೆ. ಹೆಚ್ಚಾದದ್ದನ್ನು ವಾರಕ್ಕೊಮ್ಮೆ ಕತ್ತರಿಸಿ ಗುಲಾಬಿ ಗಿಡದ ಬುಡಕ್ಕೆ ಹಾಕುತ್ತೇನೆ. ಎಷ್ಟು ತೊಳೆದರೂ ಅದರೊಡನೆ ನಾಲ್ಕು ಬಸವನಹುಳು ಬಂದವು. ಸಕ್ಕರ್ ಮಾಡದ ಕೆಲಸವನ್ನು ಅವು ಸದ್ದಿಲ್ಲದೆ ಮಾಡುತ್ತವೆ. ಕಾಳು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ಸೋಮವಾರ ನನ್ನೊಡನೆ ಮೀನುಗಳಿಗೂ ಉಪವಾಸ.

ಪಾಚಿ ಪೂರ್ತಿ ಹೋಯಿತೇ ಎಂದು ಕೇಳಬೇಡಿ. ಮುಂದಿನ ಗಾಜನ್ನು ಹಳೆಯ ಬಟ್ಟೆಯಲ್ಲಿ ಒರೆಸುತ್ತೇನೆ. ಹಿಂದಿನದನ್ನು ಹುಳುಗಳಿಗೆ ಬಿಟ್ಟಿದ್ದೇನೆ. ಮೋಲಿಗಳೂ ಬಿಡುವಾದಾಗ ಅಲ್ಲಿ ಹೋಗಿ ಕೆರೆಯುತ್ತವೆ. ಮಗನಿಗೆ ಈಗ ದಿನಕ್ಕೊಂದೇ ಫೋನು, ಕೆಲವು ದಿನ ಅದೂ ಇಲ್ಲ. ಅವನು ಮಾಡಿದಾಗ ಮೊದಲು ಮೀನಿನ ಸುದ್ದಿ ಕೇಳುತ್ತಾನೆ. ಸತ್ತರೆ ಸತ್ತಿತೆಂದೇ ಹೇಳುತ್ತೇನೆ.