ಬೇಲಿಯೊಳಗಿನ ಮದ್ದು

ನಮ್ಮ ಬೀದಿಯ ಒಂದು ಮನೆಯ ಕಾಂಪೌಂಡಿನಲ್ಲಿ ಇನ್ಸುಲಿನ್ ಗಿಡವಿದೆ. ಗಿಡ ಎಂದರೆ ಬರೀ ದಂಟು. ಎಲೆ ಬಿಡಿಸಿಕೊಳ್ಳುವಷ್ಟರಲ್ಲಿ ಬೆಳಗಿನ ವಾಕಿಂಗಿನವರು ಕಿತ್ತು ಬಾಯಿಗೆ ಹಾಕಿಕೊಂಡಿರುತ್ತಾರೆ. ‘ಶುಗರಿಗೆ ಒಳ್ಳೇದಂತೆ’ ಎಂದು ಯಾರಾದರೂ ಅಂದರೆ ಮುಗಿಯಿತು, ಗಿಡದ ಹೆಗಲೇರಿ ಶನಿ ಕೂತನೆಂದೇ ಲೆಕ್ಕ.

ಈ ಚಪಲ ನಮ್ಮೊಬ್ಬರದೇ ಅಲ್ಲ. ಹಿಂದೂ ಮಹಾಸಾಗರದಲ್ಲಿ, ಮಾರಿಷಸ್ಸಿಗೆ ಸೇರಿದ ರೊಡ್ರಿಗಸ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ತಾನಾಗಿ ಹುಟ್ಟದ ಪೊದೆಗಿಡ ಕೆಫೆ ಮರೋನ್. ಚಿಕ್ಕಮಗಳೂರಿನ ಕಾಫಿಗೆ ದಾಯಾದಿ, ಹಿತ್ತಲ ಕೇಪಳಕ್ಕೆ ನೆಂಟ. ಹೂವು ಬಿಳುಪು, ಐದೆಸಳು. ಮನೆತನವೇನೋ ದೊಡ್ಡದು. ಆದರೆ ಕಾಡು ಕಡಿದು, ಆಡು ಮೇಯಿಸಿ ವಂಶವೇ ನಿರ್ವಂಶವಾಯಿತೆಂದು ಸಸ್ಯಶಾಸ್ತ್ರಜ್ಞರು ಎಳ್ಳುನೀರು ಬಿಟ್ಟಿದ್ದರು. 1980ರಲ್ಲಿ ಅಲ್ಲಿನ ಮೇಷ್ಟರೊಬ್ಬರು ಹುಡುಗರಿಗೆ ಗಿಡಗಳನ್ನು ಹುಡುಕಿ ತನ್ನಿ ಎಂದರು. ಒಬ್ಬ ಹುಡುಗ ತಂದ ರೆಂಬೆ ಅದರದೇ! ಹೋಗಿ ನೋಡಿದರೆ ಉಳಿದಿದ್ದುದು ಒಂದೇ ಗಿಡ.

ಅದರ ಠಕ್ಕುತನ ಕೇಳಬೇಕು. ಎಳೆಗಿಡದ ಎಲೆ ಕಂದುಬಣ್ಣದ ಸಪೂರ ಪಟ್ಟಿ. ಬೆಳೆದ ಗಿಡದ್ದು ಅಗಲವಾದ ಹಸಿರೆಲೆ. ಅಕ್ಕಪಕ್ಕ ಇಟ್ಟು ಎರಡೂ ಒಂದೇ ಗಿಡದವೆಂದು ಆಣೆ ಮಾಡಿದರೂ ನಂಬುವುದು ಕಷ್ಟ. ಒಂದು ಕಾಲಕ್ಕೆ ದ್ವೀಪದ ತುಂಬ ಇದ್ದ ದೈತ್ಯ ಆಮೆಗಳ ಕಣ್ಣು ತಪ್ಪಿಸಲು ಈ ವೇಷ ಎನ್ನುತ್ತಾರೆ ಬಲ್ಲವರು. ಅವು ಕತ್ತು ಚಾಚಿದರೂ ಎಟುಕದಷ್ಟು ಎತ್ತರವಾದ ಮೇಲೆ ಹಸಿರುಡುಗೆ. ಆಮೆಗಳು ಮುಗಿದುಹೋಗಿ ಎಷ್ಟೋ ಕಾಲವಾಯಿತು, ಗಿಡ ಇನ್ನೂ ವೇಷ ಬಿಟ್ಟಿಲ್ಲ.

ಆಮೆಗೆ ಟೋಪಿ ಹಾಕಬಹುದು, ಮನುಷ್ಯನಿಗೆ? ಕುಡಿದ ಮರುದಿನದ ತಲೆನೋವಿಗೂ ಗುಹ್ಯರೋಗಕ್ಕೂ ಇದು ಮದ್ದೆಂಬ ನಂಬಿಕೆ ಅಲ್ಲಿತ್ತು. ಸುದ್ದಿ ಹರಡಿದ್ದೇ ತಡ, ಜನ ರೆಂಬೆ ಮುರಿಯತೊಡಗಿದರು. ಬೇಲಿ ಹಾಕಿದರು. ಬೇಲಿ ಹಾಕಿದ್ದಾರೆಂದರೆ ಒಳಗಿರುವುದು ಭಾರೀ ಮದ್ದೇ ಇರಬೇಕಲ್ಲವೆ? ಹಾರಿ ಬಂದು ಮುರಿದರು.

ಕೊನೆಗೆ 1986ರಲ್ಲಿ ಕೆಲವು ತುಂಡುಗಳು ವಿಮಾನವೇರಿ ಲಂಡನ್ನಿನ ಕ್ಯೂ ಸಸ್ಯೋದ್ಯಾನ ಸೇರಿದವು. ಒಂದು ಬೇರುಬಿಟ್ಟಿತು. ವರ್ಷಗಟ್ಟಲೆ ಹೂ ಬಿಟ್ಟಿತು. ಕಾಯಿ ಮಾತ್ರ ಇಲ್ಲ. ಕಾರ್ಲೋಸ್ ಮ್ಯಾಗ್ಡಲೀನಾ ಎಂಬ ತೋಟಗಾರ ಹಟ ಹಿಡಿದು, ಹೂವಿನ ಶಲಾಕಾಗ್ರವನ್ನು ಕತ್ತರಿಸಿ ಅಲ್ಲಿಗೇ ಪರಾಗ ಮೆತ್ತುತ್ತ ಹೋದ. 2003ರಲ್ಲಿ ಕಾಯಿ ಕಟ್ಟಿತು. ಆ ಬೀಜದ ಸಂತಾನ ಈಗ ದ್ವೀಪಕ್ಕೆ ಮರಳಿದೆ.

ನನ್ನನ್ನು ಕೇಳಿದರೆ, ಇನ್ನು ಬೇಲಿಗೆ ದುಡ್ಡು ಸುರಿಯುವುದು ಬೇಡ. ರೊಡ್ರಿಗಸ್ಸಿನ ಮನೆಮನೆಗೂ ಒಂದೊಂದು ಸಸಿ ಹಂಚಿಬಿಡಲಿ. ಹಿತ್ತಲ ಗಿಡ ಮದ್ದಲ್ಲ. ಆಮೇಲೆ ಅದರ ತಂಟೆಗೆ ಯಾರು ಹೋಗುತ್ತಾರೆ!