ಕಾಣದ ನೋವು

ಕಾಲು ಮುರಿದವನನ್ನು ‘ಎದ್ದು ಓಡು’ ಎಂದು ಯಾರೂ ಗದರಿಸುವುದಿಲ್ಲ. ಜ್ವರದಿಂದ ನರಳುವವನಿಗೆ ‘ಮನಸ್ಸು ಗಟ್ಟಿಮಾಡಿಕೋ, ಇಳಿದುಹೋಗುತ್ತದೆ’ ಎಂದು ಯಾರೂ ಬುದ್ಧಿ ಹೇಳುವುದಿಲ್ಲ. ಆದರೆ ಮನಸ್ಸೇ ಕಾಯಿಲೆ ಬಿದ್ದಾಗ ನಾವು ಕೊಡುವ ಮದ್ದು ಬಹುಮಟ್ಟಿಗೆ ಇಂಥ ಉಪದೇಶವೇ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪಾಠ ಹೇಳಿದ ನಾನು ಈ ಮಾತನ್ನು ಶಾಲೆಯ ಜಗಲಿಯಲ್ಲಿ, ಮದುವೆಯ ಚಪ್ಪರದಲ್ಲಿ, ಬಸ್ಸಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹೇಳುವವರಲ್ಲಿ ಕೇಡು ಬಗೆಯುವ ಬುದ್ಧಿ ಇರುವುದಿಲ್ಲ. ಮೈಮೇಲಿನ ಹುಣ್ಣು ಕಣ್ಣಿಗೆ ಕಾಣುತ್ತದೆ. ಮನಸ್ಸಿನ ನೋವು ಕಾಣುವುದಿಲ್ಲ, ಅಷ್ಟೆ.

ಆ ಕಾಣದ ನೋವಿನ ನೆಲೆಯನ್ನು ಹುಡುಕುತ್ತ ಹೊರಟವರಲ್ಲಿ ಅಮೆರಿಕದ ನರರೋಗ ತಜ್ಞೆ ಹೆಲೆನ್ ಮೇಬರ್ಗ್ ಒಬ್ಬರು. ಅವರು ಅಧ್ಯಯನಕ್ಕೆ ಆರಿಸಿಕೊಂಡ ರೋಗ ಖಿನ್ನತೆ. ಇದು ಒಂದೆರಡು ದಿನದ ಬೇಸರವಲ್ಲ. ಊಟ, ನಿದ್ದೆ, ಗೆಳೆತನ, ಕೆಲಸ ಯಾವುದರಲ್ಲಿಯೂ ರುಚಿ ಉಳಿಯದಂತೆ ಮಾಡುವ ಕಾಯಿಲೆ. ಸಕಾಲದಲ್ಲಿ ಹಿರಿಯರಿಗೆ ತಿಳಿಸಿ ವೈದ್ಯರನ್ನು ಕಂಡರೆ, ಔಷಧದಿಂದಲೂ ಆಪ್ತ ಸಮಾಲೋಚನೆಯಿಂದಲೂ ಬಹಳ ಮಂದಿ ಗುಣ ಹೊಂದುತ್ತಾರೆ. ಆದರೆ ಯಾವ ಚಿಕಿತ್ಸೆಗೂ ಬಗ್ಗದೆ ವರ್ಷಗಟ್ಟಲೆ ನರಳುವವರೂ ಉಂಟು. ಮೇಬರ್ಗ್ ಅವರ ಚಿಂತೆಯೆಲ್ಲ ಇವರದೇ.

ಮಿದುಳಿನ ಚಟುವಟಿಕೆಯನ್ನು ತೋರಿಸುವ ಚಿತ್ರಗಳನ್ನು ಪರೀಕ್ಷಿಸುತ್ತಿದ್ದಾಗ ಒಂದು ಸಣ್ಣ ಭಾಗ ಅವರ ಗಮನ ಸೆಳೆಯಿತು. ಹಣೆಯ ಹಿಂದೆ, ಮಿದುಳಿನ ಆಳದಲ್ಲಿರುವ ಆ ಭಾಗಕ್ಕೆ ನಕ್ಷೆಗಳಲ್ಲಿ 25ನೆಯ ಕ್ಷೇತ್ರವೆಂದು ಹೆಸರು. ಮನುಷ್ಯ ದುಃಖದಲ್ಲಿದ್ದಾಗ ಅಲ್ಲಿ ಚಟುವಟಿಕೆ ಹೆಚ್ಚುತ್ತಿತ್ತು. ಖಿನ್ನತೆಯಿಂದ ಚೇತರಿಸಿಕೊಂಡವರಲ್ಲಿ ಅದು ತಗ್ಗುತ್ತಿತ್ತು. ಹಾಗಾದರೆ ಅದನ್ನು ವಿದ್ಯುತ್ತಿನಿಂದ ಹದಕ್ಕೆ ತರಬಹುದೇ? ಮೈನಡುಕದ ರೋಗಕ್ಕೆ ಇಂಥ ಚಿಕಿತ್ಸೆಯನ್ನು ಫ್ರಾನ್ಸಿನ ವೈದ್ಯ ಬೆನಬಿದ್ 1987ರಲ್ಲಿಯೇ ಆರಂಭಿಸಿದ್ದರು. ಕೆನಡಾದ ಟೊರಾಂಟೊ ನಗರದಲ್ಲಿ ಶಸ್ತ್ರವೈದ್ಯ ಆಂಡ್ರೆಸ್ ಲೊಜಾನೊ ಮೊದಲಾದವರೊಡನೆ ಮೇಬರ್ಗ್ ಆರು ಮಂದಿ ರೋಗಿಗಳಲ್ಲಿ ಅದನ್ನು ಪ್ರಯೋಗಿಸಿದರು. ತಲೆಬುರುಡೆಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ತೆಳುವಾದ ತಂತಿಗಳನ್ನು ಒಳಗಿಳಿಸಿ, ಎದೆಯ ಚರ್ಮದಡಿ ಇಟ್ಟ ಪುಟ್ಟ ಯಂತ್ರಕ್ಕೆ ಅವನ್ನು ಜೋಡಿಸುವುದು ಈ ಚಿಕಿತ್ಸೆಯ ಕ್ರಮ. ಮಿದುಳಿಗೆ ತನ್ನದೇ ನೋವು ತಿಳಿಯದು. ಆದ್ದರಿಂದ ತಂತಿ ಇಳಿಸುವಾಗ ರೋಗಿ ಎಚ್ಚರವಾಗಿಯೇ ಇದ್ದು ವೈದ್ಯರೊಡನೆ ಮಾತನಾಡಬಲ್ಲ. ವಿದ್ಯುತ್ತು ಹರಿದೊಡನೆ ಕೆಲವರಿಗೆ ಒಮ್ಮೆಲೇ ಮನಸ್ಸು ಶಾಂತವಾಯಿತು, ಕೋಣೆಯ ಬಣ್ಣಗಳು ನಿಚ್ಚಳವಾಗಿ ಕಂಡವು. ಆರು ತಿಂಗಳ ಬಳಿಕ ಆರರಲ್ಲಿ ನಾಲ್ವರು ಬಹಳಷ್ಟು ಸುಧಾರಿಸಿದ್ದರು. 2005ರಲ್ಲಿ ಈ ವರದಿ ಪ್ರಕಟವಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಪವಾಡವೆನಿಸುತ್ತಿತ್ತು. ಆದರೆ ವಿಜ್ಞಾನ ಪವಾಡವನ್ನು ನಂಬುವುದಿಲ್ಲ, ಮತ್ತೆ ಮತ್ತೆ ಒರೆಗೆ ಹಚ್ಚುತ್ತದೆ. ಮುಂದೆ 90 ರೋಗಿಗಳಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಎಲ್ಲರಿಗೂ ಯಂತ್ರವಿಟ್ಟು, ಕೆಲವರಿಗೆ ಮಾತ್ರ ಮೊದಲ ಆರು ತಿಂಗಳು ವಿದ್ಯುತ್ತು ಹರಿಸದೆ ಬಿಟ್ಟರು; ಯಾರಿಗೆ ಹರಿಯುತ್ತಿದೆಯೆಂಬುದು ರೋಗಿಗಳಿಗೆ ಗೊತ್ತಿರಲಿಲ್ಲ. ಕೊನೆಗೆ ನೋಡಿದರೆ ಎರಡು ಗುಂಪುಗಳಿಗೂ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ! ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಲಾಯಿತು. ಆ ಫಲಿತಾಂಶವನ್ನು ಯಾರೂ ಮುಚ್ಚಿಡಲಿಲ್ಲ. 2017ರಲ್ಲಿ ಅದೂ ಅಚ್ಚಾಯಿತು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು: ಚಿಕಿತ್ಸೆಯನ್ನು ಮುಂದುವರಿಸಿದಾಗ ಎರಡು ವರ್ಷಗಳ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿ ಬಹಳಷ್ಟು ಸುಧಾರಿಸಿದ್ದರು. ಹಾಗಾದರೆ ಆರು ತಿಂಗಳ ಗಡುವೇ ಚಿಕ್ಕದಾಯಿತೇ? ತಂತಿ ಕೂದಲೆಳೆಯಷ್ಟು ಅತ್ತಿತ್ತ ಸರಿದಿತ್ತೇ? ಸೋಲು ಪ್ರಶ್ನೆಗಳನ್ನು ಹೆತ್ತಿತು. ಮೇಬರ್ಗ್ ಅವುಗಳ ಬೆನ್ನು ಹತ್ತಿದರು. 2023ರಲ್ಲಿ ಅವರೂ ಸಹೋದ್ಯೋಗಿಗಳೂ ಹತ್ತು ರೋಗಿಗಳ ಚಿಕಿತ್ಸೆಯ ವರದಿ ನೀಡಿದರು. ಒಂಬತ್ತು ಮಂದಿ ಸುಧಾರಿಸಿದ್ದುದಷ್ಟೇ ಅಲ್ಲ, ಚೇತರಿಕೆಯನ್ನು ಸೂಚಿಸುವ ಮಿದುಳಿನ ಒಂದು ಸಂಕೇತವನ್ನೂ ಅವರು ಗುರುತಿಸಿದ್ದರು. ಕಾಣದ ನೋವು ಕೊಂಚ ಕಾಣತೊಡಗಿತ್ತು. ಆದರೂ ಖಿನ್ನತೆಗೆ ಈ ಚಿಕಿತ್ಸೆ ಇಂದಿಗೂ ಪ್ರಯೋಗದ ಹಂತದಲ್ಲಿಯೇ ಇದೆ.

ಈ ಸಾಧನೆಯನ್ನು ನೆನೆದಾಗ ವೈದ್ಯರ ತಾಳ್ಮೆಗೆ ನಾನು ತಲೆಬಾಗುತ್ತೇನೆ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ತುಂಬುವವರು ಆ ಮೊದಲ ಆರು ಮಂದಿ. ಅಂಥ ರೋಗಿಗಳನ್ನು ಲೋಕ ಮನೋಬಲವಿಲ್ಲದವರೆಂದು ಜರೆಯುತ್ತದೆ. ತಲೆಬುರುಡೆಗೆ ರಂಧ್ರ ಕೊರೆಸಿಕೊಂಡು, ಗುಣವಾಗುವ ಭರವಸೆ ಇಲ್ಲದಿದ್ದರೂ ಎಚ್ಚರವಾಗಿ ಮಲಗಿ, ತಮಗೆ ಏನೆನ್ನಿಸುತ್ತಿದೆಯೆಂದು ಒಂದೊಂದಾಗಿ ಹೇಳಿದವರು ಅವರು. ಅದಕ್ಕಿಂತ ದೊಡ್ಡ ಮನೋಬಲ ಯಾವುದಿದೆ?