ಅರ್ಧ ಗ್ರಾಮಿನ ಸದ್ದು

ಕೋವಿ ಎಂದರೆ ಸದ್ದು ಎಂದೇ ಲೋಕದ ಎಣಿಕೆ. ನಾಯಕನ ಕೈಯಲ್ಲಿ ಅದು ಢಂ ಎನ್ನದಿದ್ದರೆ ಥಿಯೇಟರಿನಲ್ಲಿ ಒಬ್ಬನೂ ಶಿಳ್ಳೆ ಹೊಡೆಯುವುದಿಲ್ಲ. ನನಗೆ ಹಿಡಿದಿರುವ ಹುಚ್ಚು ಇದಕ್ಕೆ ತದ್ವಿರುದ್ಧ. ಹತ್ತು ಮೀಟರ್ ಗುರಿಯಾಟದ ಏರ್ ರೈಫಲ್ಲು ನನ್ನದು. ಮದ್ದಿಲ್ಲ, ಹೊಗೆಯಿಲ್ಲ, ನೆಲಕ್ಕುರುಳುವ ಖಾಲಿ ತೋಟಾ ಇಲ್ಲ. ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿಟ್ಟ ಗಾಳಿಯಲ್ಲಿ ಒಂದಿಷ್ಟು ಹೊರನುಗ್ಗಿ, ಪೆಲೆಟ್ ಎಂಬ 4.5 ಮಿಲಿಮೀಟರ್ ಅಗಲದ ಸೀಸದ ಚೂರೊಂದನ್ನು ಮುಂದಕ್ಕೆ ತಳ್ಳುತ್ತದೆ. 'ಟಪ್' ಅನ್ನುತ್ತದೆ, ಅಷ್ಟೇ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದ್ದರೆ ಅದೂ ಕೇಳಿಸದು.

ಈ ಮೆಲುದನಿಗೆ ಕಾರಣ ನಿಧಾನ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅದನ್ನು ಮೀರಿದ ಗುಂಡು ದಾರಿಯುದ್ದಕ್ಕೂ ಚಟೀರೆಂದು ಗಾಳಿಯನ್ನು ಸೀಳಿಕೊಂಡೇ ಹೋಗುತ್ತದೆ. ಸ್ಪರ್ಧೆಯ ಪೆಲೆಟ್ ಹೋಗುವುದು ಅದರ ಅರ್ಧ ವೇಗದಲ್ಲಿ, 170 ಮೀಟರಿನ ಆಸುಪಾಸು. ಶಕ್ತಿ ಏಳೂವರೆ ಜೂಲ್ ಬಂದರೆ ಹೆಚ್ಚು. 2016ರ ಆಯುಧ ನಿಯಮಗಳು .177 ಬೋರಿನ ಏರ್ ಗನ್ನಿಗೆ 20 ಜೂಲ್‌ವರೆಗೆ ಲೈಸೆನ್ಸು ಕೇಳುವುದಿಲ್ಲ. ಅಂಗಡಿಗೆ ಹೋದರೆ ಮಾತ್ರ ಕಥೆಯೇ ಬೇರೆ. "ಸಾರ್, ಇದು ತಗೊಳ್ಳಿ, ಪವರ್ ಜಾಸ್ತಿ" ಎಂದೇ ಮಾತು ಶುರು. ಸ್ಪ್ರಿಂಗ್ ಕೋವಿ ಕೊಂಡ ಹುಡುಗರು ಅದರ ಗಾಳಿಕೋಣೆಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಒತ್ತಡದ ಬಿಸಿಗೆ ಅದು ಹತ್ತಿಕೊಂಡು ಢಬ್ಬೆಂದಾಗ ಹಿಗ್ಗುವುದನ್ನು ನೋಡಿದ್ದೇನೆ. ಸೀಲು ಹಾಳು, ಸ್ಪ್ರಿಂಗು ಹಾಳು, ಗುರಿಯಂತೂ ದೇವರಿಗೇ ಪ್ರೀತಿ. ಪವರ್ ಬೇಕೆಂದವರು ಬುಲೆಟ್ ಬೈಕು ಕೊಳ್ಳಲಿ ಅನ್ನುವವನು ನಾನು.

ಸದ್ದಡಗಿದ ಗುರಿಯಾಟಕ್ಕೆ ವಯಸ್ಸಾಗಿದೆ. 1845ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಫ್ಲೋಬೇರ್ ಎಂಬ ಕೋವಿಗಾರ ಮದ್ದನ್ನೇ ಹಾಕದೆ, ಬರೀ ಕ್ಯಾಪಿನ ಸಿಡಿತದಿಂದಲೇ ಸಣ್ಣ ಗುಂಡನ್ನು ಓಡಿಸುವ ತೋಟಾ ಮಾಡಿದ. ಅದರಿಂದ ಯುರೋಪಿನ ಉಳ್ಳವರು ಮನೆಯ ಪಡಸಾಲೆಯಲ್ಲೇ ಗುರಿ ಹೊಡೆಯುವ ಶೋಕಿ ಬೆಳೆಸಿಕೊಂಡರು. ಇಂಗ್ಲೆಂಡಿನ ಪಬ್ಬುಗಳಲ್ಲಿ ಕಬ್ಬಿಣದ ಹಲಗೆಯ ನಡುವಿನ ಕಿರುತೂತಿಗೆ ಏರ್ ರೈಫಲ್ಲಿನಿಂದ ಹೊಡೆಯುವ ಪಂದ್ಯಗಳಿವೆ. ಗುಂಡು ತೂತಿನೊಳಗೆ ಹೊಕ್ಕರೆ ಹಿಂದಿನ ಗಂಟೆ ಬಾರಿಸುತ್ತದೆ. ನಮ್ಮ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ದೊಡ್ಡ ತೋಟಾಕೋವಿಗಳ ಜೊತೆ ಏರ್ ಗನ್ನಿಗೂ ಒಂದು ವಿಭಾಗ ಇರುವುದುಂಟು. ಇನ್ನು ಬಸವನಗುಡಿಯ ಕಡಲೆಕಾಯಿ ಪರಿಷೆಯ ಬಲೂನು ಅಂಗಡಿಯ ವಿಷಯ ಕೇಳಲೇಬೇಡಿ. "ಬನ್ನಿ ಅಣ್ಣಾ, ಬನ್ನಿ" ಎಂದು ಕೈಗೆ ಕೊಡುವ ಆ ಕೋವಿಯ ಮೂತಿ ಒಂದು ಕಡೆ, ಗುರಿಕಡ್ಡಿ ಇನ್ನೊಂದು ಕಡೆ. ಎರಡು ಹೊಡೆತ ಕಳೆದುಕೊಂಡು ಅದರ ಓರೆ ಎಷ್ಟೆಂದು ಹಿಡಿದವನು ಉಳಿದ ಬಲೂನನ್ನೆಲ್ಲ ಒಡೆಯಬಲ್ಲ. ಅದೂ ಒಂದು ವಿದ್ಯೆಯೇ.

ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿಗೆ ಈ ಆಟ ಅಳತೆ ಕೊಟ್ಟು ಹೊಲಿಸಿದಂತಿದೆ. ಹತ್ತು ಮೀಟರ್ ಎಂದರೆ ಸುಮಾರು ಮೂವತ್ಮೂರು ಅಡಿ. ಹಾಲಿನ ಮುಂಬಾಗಿಲಿಗೆ ಬೆನ್ನು ಕೊಟ್ಟು ನಿಂತರೆ ಊಟದ ಮೇಜಿನ ಪಕ್ಕದಿಂದ, ಅಡುಗೆಮನೆಯ ಬಾಗಿಲು ಹಾಯ್ದು, ಯುಟಿಲಿಟಿಯ ಹಿಂಗೋಡೆಗೆ ಗೆರೆ ಎಳೆದಂತೆ ಸರಿಹೋಗುತ್ತದೆ. ಅಲ್ಲಿ ವಾಷಿಂಗ್ ಮೆಷೀನಿನ ಮೇಲೆ, ನೆಲದಿಂದ 1.4 ಮೀಟರ್ ಎತ್ತರದಲ್ಲಿ ಗುರಿಹಲಗೆ. ಗುಜರಿಯಲ್ಲಿ ಸಿಕ್ಕ ದಪ್ಪ ಕಬ್ಬಿಣದ ತಗಡನ್ನು ಮುಂದಕ್ಕೆ ಬಾಗಿಸಿ ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಅದರ ಮುಂದೆ ಹಳೇ ಬಟ್ಟೆ ಗಿಡಿದಿದ್ದೇನೆ. ಬಟ್ಟೆ ಇಲ್ಲದಿದ್ದರೆ ತಗಡು ಠಣ್ ಎನ್ನುತ್ತಿತ್ತು, ಈಗ ಬರೀ 'ಥುಪ್'. ಹಿಂಬಾಗಿಲಿಗೆ ಬೋಲ್ಟು, ಮುಂಬಾಗಿಲಿಗೆ ಚಿಲಕ, ಮನೆಯಲ್ಲಿರುವ ಪ್ರತಿಯೊಬ್ಬರೂ ನನ್ನ ಬೆನ್ನ ಹಿಂದೆ. ಇವಿಷ್ಟು ಆಗದೆ ರೈಫಲ್ಲು ಚೀಲದಿಂದ ಹೊರಬರುವುದಿಲ್ಲ. ಇದರಲ್ಲಿ ರಿಯಾಯಿತಿ ಇಲ್ಲ. ಹೆಂಡತಿಗೆ ಮಾತ್ರ ಇದರಿಂದ ಅಡುಗೆಮನೆಯೇ ಪರದೇಶ. "ರೀ, ನಿಮ್ಮ ಒಲಿಂಪಿಕ್ಸ್ ಮುಗಿದರೆ ಹೇಳಿ, ಹಾಲಿಗೆ ಹೆಪ್ಪು ಹಾಕಬೇಕು" ಎಂದು ಸೋಫಾದಿಂದ ದನಿ ಬರುತ್ತದೆ. ರೈಫಲ್ ತೆರೆದು, ಖಾಲಿ ಎಂದು ತೋರಿಸಿ, ಕೆಳಗಿಟ್ಟ ಮೇಲೆ ಅವಳಿಗೆ ವೀಸಾ.

ಇಷ್ಟೆಲ್ಲ ಹೇಳಿದರೂ ನನಗೆ ಹೆಚ್ಚು ರುಚಿ ಗುಂಡು ಹೊಡೆಯುವುದರಲ್ಲಲ್ಲ, ಹಿಂದಿನ ರಾತ್ರಿ ಗುಂಡು ಆರಿಸುವುದರಲ್ಲಿ. ಐನೂರು ಪೆಲೆಟ್‌ಗಳ ಚಪ್ಪಟೆ ಡಬ್ಬಿ. ಮುಚ್ಚಳ ತಿರುಗಿಸಿದಾಗ ಸೀಸದ ಆ ಮಂದ ಬೂದಿ ಹೊಳಪು. ಒಂದೊಂದೂ ಬುಡುಬುಡಿಕೆಯವನ ಕೈವಾದ್ಯದ ಹಾಗೆ ನಡು ಸಣ್ಣ, ಎರಡು ತುದಿ ಅಗಲ. ತಲೆ ಚಪ್ಪಟೆ, ಕಾಗದದಲ್ಲಿ ದುಂಡನೆಯ ತೂತು ಕೊರೆದುಬರಲಿ ಎಂದು. ಹಿಂಬದಿ ಟೊಳ್ಳು, ಗಾಳಿ ಒಳಹೊಕ್ಕು ಅಂಚನ್ನು ಅರಳಿಸಿ ನಳಿಗೆಯ ಗೀರುಗಳಿಗೆ ಕಚ್ಚಿಸಲಿ ಎಂದು. ಡಬ್ಬಿಯ ತಳದಲ್ಲಿ ಚೀಟಿ: 4.49, 4.50, 4.51. ತಲೆಯ ಅಳತೆ ಅದು. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್ಲುಗಳಿಗೆ ಬೇರೆ ಬೇರೆ ಅಳತೆ ಒಗ್ಗುವುದುಂಟು. ನನ್ನದಕ್ಕೆ 4.50 ಬೇಕು. ಬೇರೆ ಹಾಕಿದರೆ ಮುನಿಸಿಕೊಂಡು ತೂತುಗಳನ್ನು ಚೆಲ್ಲಾಡುತ್ತದೆ.

ಮೇಜಿನ ಮೇಲೆ ಬಿಳಿ ಟವೆಲ್ಲು ಹಾಸಿ, ಟೇಬಲ್ ಲ್ಯಾಂಪು ಓರೆಮಾಡಿ, ಒಂದು ಹಿಡಿ ಸುರಿಯುತ್ತೇನೆ. ಮೊದಲು ಕಣ್ಣಿನ ಕೆಲಸ. ಹಿಂಬದಿಯ ಅಂಚು ನೆಗ್ಗಿದ್ದರೆ ಒಂದು ಬದಿಗೆ. ಉಗುರಿನಿಂದ ಮೆಲ್ಲಗೆ ಉರುಳಿಸಿದರೆ ಸರಿಯಾದದ್ದು ಕಮಾನಿನಂತೆ ಒಂದು ಸುತ್ತು ಹಾಕಿ ನಿಲ್ಲುತ್ತದೆ, ನೆಗ್ಗಿದ್ದು ಮುಗ್ಗರಿಸುತ್ತದೆ. ಆಮೇಲೆ ತೂಕ. ಚಿನ್ನದ ಕೆಲಸದವರು ಬಳಸುವಂಥ, ಮಿಲಿಗ್ರಾಂ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಡಬ್ಬಿಯ ಮೇಲೆ ಬರೆದಿರುವುದು 0.53 ಗ್ರಾಂ, ಹಳೇ ಲೆಕ್ಕದಲ್ಲಿ ನಾಲ್ಕೂ ಚಿಲ್ಲರೆ ಗುಲಗಂಜಿ. ತಕ್ಕಡಿ ಹೇಳುವುದು 0.529, 0.531, 0.530, 0.534. ಫ್ಯಾನ್ ಹಾಕುವಂತಿಲ್ಲ, ಅಂಕಿ ಕುಣಿಯುತ್ತದೆ. ಗಟ್ಟಿಯಾಗಿ ಉಸಿರು ಬಿಟ್ಟರೂ ಕುಣಿಯುತ್ತದೆ. ಹಗುರದ ಗುಂಪು, ಭಾರದ ಗುಂಪು, ನಡುವಿನ ದೊಡ್ಡ ಗುಂಪು. ಚಿಮಟದಲ್ಲಿ ಒಂದೊಂದನ್ನೇ ಎತ್ತಿ ರಂಧ್ರಗಳಿರುವ ತಟ್ಟೆಯಲ್ಲಿ ನಿಲ್ಲಿಸುವಾಗ ಆಫೀಸಿನ ಇಮೇಲು, ಇಎಂಐ, ಮೇಲ್ಮನೆಯವರ ನೀರಿನ ಜಗಳ ಯಾವುದೂ ತಲೆಗೆ ಬರುವುದಿಲ್ಲ.

ಇದರಿಂದ ಲಾಭ ಎಷ್ಟು? ಹತ್ತು ಮೀಟರ್ ದಾಟುವಷ್ಟರಲ್ಲಿ ಈ ಪೆಲೆಟ್ ಭೂಮಿಯ ಸೆಳೆತಕ್ಕೆ ಸುಮಾರು ಒಂದೂಮುಕ್ಕಾಲು ಸೆಂಟಿಮೀಟರ್ ಇಳಿಯುತ್ತದೆ. ತೂಕದಲ್ಲಿ ಐದು ಮಿಲಿಗ್ರಾಂ ಹೆಚ್ಚಾದರೆ ಇಳಿತದಲ್ಲಿ ಆಗುವ ವ್ಯತ್ಯಾಸ ಕಾಲು ಮಿಲಿಮೀಟರಿಗೂ ಕಡಿಮೆ. ನನ್ನ ಕೈ ಅಲುಗುವುದೇ ಸೆಂಟಿಮೀಟರ್ ಲೆಕ್ಕದಲ್ಲಿ. ಅಂದಮೇಲೆ ಲಾಭ ಸೊನ್ನೆ ಎಂದು ಇಂಜಿನಿಯರ್ ಭಾವಮೈದ ಕಾಗದದ ಮೇಲೆ ಬರೆದೇ ತೋರಿಸಿದ. "ಭಾವ, ಇದಕ್ಕಿಂತ ಕೈಗೆ ಒಂದಿಷ್ಟು ವ್ಯಾಯಾಮ ಕೊಡಿ" ಎಂದ. ಅವನ ಲೆಕ್ಕ ಸರಿ. ಆರಿಸುವುದನ್ನು ಮಾತ್ರ ನಾನು ಬಿಡುವವನಲ್ಲ. ಲಾಭಕ್ಕೆಂದು ಯಾರು ಇಸ್ಪೀಟು ಕಲೆಸುತ್ತಾರೆ?

ಆ ಕಾಲು ಮಿಲಿಮೀಟರಿಗೂ ಬೆಲೆ ಬರುವ ಜಗತ್ತೊಂದಿದೆ ಅನ್ನುವುದೂ ನಿಜ. ಗುರಿಕಾಗದದ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ, ಪೆನ್ನಿನ ತುದಿ ಇಟ್ಟು ತೆಗೆದಷ್ಟು. ಗುಂಡು ಅದನ್ನು ಸೋಕಿದರೆ ಹತ್ತು. ಅಲ್ಲಿಂದ ಒಳಕ್ಕೆ ಪ್ರತಿ ಕಾಲು ಮಿಲಿಮೀಟರಿಗೂ 0.1 ಅಂಕ ಏರುತ್ತದೆ, 10.9ರವರೆಗೆ. 2008ರ ಆಗಸ್ಟ್ 11ರಂದು ಬೀಜಿಂಗ್ ಒಲಿಂಪಿಕ್ಸಿನಲ್ಲಿ ಕೊನೆಯ ಹೊಡೆತಕ್ಕೆ ಮೊದಲು ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹಾಕಿನೆನ್ ಸಮಸಮ. ಹಾಕಿನೆನ್‌ನದು 9.7, ಬಿಂದ್ರಾನದು 10.8. ಅಂದರೆ ಚಿನ್ನದ ಆ ಗುಂಡು ನಟ್ಟನಡುವಿನಿಂದ ಸರಿದದ್ದು ಅರ್ಧ ಮಿಲಿಮೀಟರ್ ಮೀರದಷ್ಟು. ಒಟ್ಟು 700.5. ಭಾರತಕ್ಕೆ ವೈಯಕ್ತಿಕ ಆಟದಲ್ಲಿ ಮೊದಲ ಒಲಿಂಪಿಕ್ ಚಿನ್ನ ಬಂದದ್ದು ಇಂಥದೇ ಏಳೂವರೆ ಜೂಲಿನ 'ಟಪ್' ಸದ್ದಿನಲ್ಲಿ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಚಾಂಗ್ವಾನಿನ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಬೆಳ್ಳಿ ಗೆದ್ದದ್ದೂ ಇದೇ ಹತ್ತು ಮೀಟರಿನಲ್ಲಿ, ಹದಿಹರೆಯದಲ್ಲೇ.

ಶಕ್ತಿ ಕಡಿಮೆಯಾದಷ್ಟೂ ಹೊಡೆಯುವವನ ಹೊಣೆ ಹೆಚ್ಚು. ಮದ್ದಿನ ಕೋವಿಯ ಗುಂಡು ಕೈ ತಪ್ಪುವ ಮೊದಲೇ ನಳಿಗೆ ಬಿಟ್ಟು ಹೋಗಿರುತ್ತದೆ. ಈ ಸೋಮಾರಿ ಪೆಲೆಟ್ ಇನ್ನೂ ನಳಿಗೆಯೊಳಗಿರುವಾಗಲೇ ನೀವು 'ಬಿತ್ತೋ ಇಲ್ಲವೋ' ಎಂದು ತಲೆಯೆತ್ತಿದರೆ ಆ ಕುತೂಹಲವೂ ಕಾಗದದ ಮೇಲೆ ದಾಖಲಾಗುತ್ತದೆ. ಅದಕ್ಕೇ ಟ್ರಿಗರ್ ಎಳೆದ ಮೇಲೂ ಕದಲದೆ ನಿಲ್ಲಬೇಕು. ಎಡ ಮೊಣಕೈ ಸೊಂಟದ ಎಲುಬಿನ ಮೇಲೆ, ರೈಫಲ್ಲಿನ ಭಾರ ಮೂಳೆಯಿಂದ ಮೂಳೆಗೆ ಇಳಿದು ಪಾದ ಸೇರಬೇಕು. ಸ್ನಾಯು ಹೊತ್ತುಕೊಂಡರೆ ಎರಡೇ ನಿಮಿಷಕ್ಕೆ ನಡುಗುತ್ತದೆ. ಹಿಂದಿನ ಸಣ್ಣ ಕಿಂಡಿ, ಮುಂದಿನ ಉಂಗುರ, ಅದರೊಳಗೆ ಕರಿಬೊಟ್ಟು, ಬೊಟ್ಟಿನ ಸುತ್ತ ಸಮನಾದ ಬಿಳಿ ಅಂಚು. ಅರ್ಧ ಉಸಿರು ಬಿಟ್ಟು ತಡೆದಾಗ ಆ ಬೊಟ್ಟು ಎದೆಬಡಿತಕ್ಕೆ ಸರಿಯಾಗಿ ತುಯ್ಯುವುದು ಕಾಣುತ್ತದೆ. ಸಂಜೆ ಕಾಫಿ ಕುಡಿದಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಆಟ ಮುಗಿದ ಮೇಲೆ ಕೈಗೆ ಎರಡು ಸಲ ಸೋಪು. ಸೀಸ ವಿಷ, ತಮಾಷೆಯಲ್ಲ. ಯುಟಿಲಿಟಿಯ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುವುದೂ ನನ್ನದೇ ಪಾಲು. ಪೆಟ್ಟಿಗೆಯ ತಳದಲ್ಲಿ ಬಿಲ್ಲೆಗಳಾಗಿ ಅಪ್ಪಚ್ಚಿಯಾದ ಪೆಲೆಟ್‌ಗಳನ್ನು ಕಸಕ್ಕೆ ಹಾಕುವಂತಿಲ್ಲ, ಮುಚ್ಚಳವಿರುವ ಬಣ್ಣದ ಡಬ್ಬಿಗೆ ಕೂಡಿಹಾಕುತ್ತೇನೆ. ತುಂಬಿದಾಗ ಗುಜರಿಯವರು ಬರುತ್ತಾರೆ. "ಸೀಸಾನಾ ಸಾಮಿ? ಕೊಡಿ" ಎಂದು ಡಬ್ಬಿಯನ್ನು ಸಲೀಸಾಗಿ ಎತ್ತಲು ಹೋಗಿ, ಅದರ ಭಾರಕ್ಕೆ ಒಮ್ಮೆ ನನ್ನ ಮುಖ ನೋಡುತ್ತಾರೆ. ಆಮೇಲೆ ಹಗುರದ್ದು, ಭಾರದ್ದು, ನಡುವಿನದು ಎಲ್ಲವನ್ನೂ ಒಟ್ಟಿಗೇ ತಕ್ಕಡಿಗೆ ಸುರಿದು, ಇನ್ನೊಂದು ಕಡೆ ತೂಕದ ಕಲ್ಲು ಸಾಲದೆ ಒಂದು ಹಳೇ ನಟ್ಟು ಸೇರಿಸಿ, "ನೂರು ಗ್ರಾಂ ಆಚೆ ಈಚೆ ಇರ್ತದೆ, ಬಿಡಿ ಸಾಮಿ" ಅನ್ನುತ್ತಾರೆ.